ಟೆಸ್ಟಲ್ಲಿ 64 ಬಂತು, ನನಗೆ ಭಾವನೆನೇ ಇಲ್ವಾ ಮೇಡಂ?

ಪ್ರಶ್ನೆ: ಮೇಡಂ ನಮಸ್ತೆ. ನನಗೆ 46 ವರ್ಷ, ತುಮಕೂರು ಜಿಲ್ಲೇಲಿ ಲೈಸೆನ್ಸ್ಡ್ ಸರ್ವೇಯರ್ ಆಗಿ ಕೆಲ್ಸ ಮಾಡ್ತೀನಿ. ಹೋದ ವರ್ಷ ಅಪ್ಪ ತೀರ್ಕೊಂಡ್ರು, ನಾನು ಅಳಲಿಲ್ಲ. ಶಾಮಿಯಾನ, ಅಡುಗೆಯವ್ರು, ತಿಥಿ ಖರ್ಚು ಎಲ್ಲಾ ನಾನೇ ನೋಡ್ಕೊಂಡೆ. ಆಗ್ಲಿಂದ ಹೆಂಡ್ತಿ "ನಿಮ್ದು ಕಲ್ಲು ಮನಸ್ಸು" ಅಂತಾಳೆ. ಅವಳು "ಏನನ್ಸ್ತಿದೆ ಹೇಳಿ" ಅಂದ್ರೆ ನಂಗೆ ನಿಜವಾಗ್ಲೂ ಏನೂ ಹೊಳೆಯಲ್ಲ, "ಏನಿಲ್ಲ" ಅಂತೀನಿ, ಅಲ್ಲಿಂದ ಜಗಳ. ಎದೆ ಭಾರ ಅಂತ ಇಸಿಜಿ, ಎಕೋ ಮಾಡ್ಸಿದೆ, ಎರಡೂ ನಾರ್ಮಲ್. ಅಣ್ಣತಮ್ಮಂದ್ರು ಜಮೀನು ಪಾಲು ಮಾಡ್ಕೊಳ್ಳೋಕೆ 11ಇ ಸ್ಕೆಚ್ ಅನ್ನೋ ಸರ್ವೆ ನಕ್ಷೆ ಮಾಡ್ಸುವಾಗ ಬೇರೆ ಸರ್ವೇಯರ್ ಬಂದಿದ್ರು, ನಾನು ಸುಮ್ನೆ ಟೇಪಿನ ಒಂದು ತುದಿ ಹಿಡ್ಕೊಂಡಿದ್ದೆ, ಬಾವಿ ಪಕ್ಕದ ಬೇವಿನ ಮರದ ಹತ್ರ ಬಂದಾಗ ಕೈ ನಡುಗಿ ಟೇಪ್ ಬಿದ್ದೋಯ್ತು, ಬಿಪಿ ಇರ್ಬೇಕು ಅಂತ ಚೆಕ್ ಮಾಡ್ಸಿದ್ರೆ ಅದೂ ನಾರ್ಮಲ್. ಸೆಕೆಂಡ್ ಪಿಯು ಓದ್ತಿರೋ ಮಗಳು ಮೊಬೈಲಲ್ಲಿ ಒಂದು ಟೆಸ್ಟ್ ತೋರ್ಸಿದ್ಲು, 20 ಪ್ರಶ್ನೆ ಇತ್ತು, ಇಂಗ್ಲಿಷಲ್ಲಿದ್ದದ್ದನ್ನ ಫೋನೇ ಕನ್ನಡ ಮಾಡ್ಕೊಡ್ತು. 64 ಬಂತು, "ಅಲೆಕ್ಸಿಥೈಮಿಯಾ ಇದೆ" ಅಂತ ಕೆಂಪಕ್ಷರದಲ್ಲಿ ಬಂತು. ಒಳಗೆ 20, 18, 26 ಅಂತ ಮೂರು ಭಾಗ. ಇದು ಕಾಯಿಲೆನಾ? ಸೈಕೋಪಾತ್ ಅಂತಾರಲ್ಲ ಅದಾ? ಆಟಿಸಂ ಅಂತ ಒಬ್ರು ಹೇಳಿದ್ರು. ಮಗಳಿಗೂ ಬರುತ್ತಾ? ಅಳತೆ ಮಾಡೋದೇ ನನ್ನ ಕಸುಬು, ಈ ಅಳತೆನ ಎಷ್ಟು ನಂಬ್ಬೇಕು, ಇನ್ನೊಂದ್ಸಲ ಟೆಸ್ಟ್ ತಗೊಳ್ಳಾ?

ಉತ್ತರ: ಸರ್, ನಿಮ್ಮ ಪತ್ರಾನ ಮೂರು ಸಲ ಓದ್ದೆ. ನೀವು ಕೇಳಿರೋದು 64ರ ಬಗ್ಗೆ, ಆದ್ರೆ ನನ್ನ ಕಣ್ಣು ನಿಂತಿದ್ದು ಬೇವಿನ ಮರದ ಹತ್ರ ಬಿದ್ದ ಟೇಪಿನ ಮೇಲೆ. ಅಲ್ಲಿಗೆ ಆಮೇಲೆ ಬರ್ತೀನಿ. ನಿಮ್ಮ ಭಯ ನನಗೆ ಅರ್ಥ ಆಗಿದ್ದು ಹೀಗೆ: "ಎಲ್ರಿಗೂ ಒಳಗೆ ಏನೋ ಇದೆ, ನನಗೆ ಅದಿಲ್ಲ, ಈಗ ಒಂದು ಮಷೀನೂ ಅದನ್ನೇ ಹೇಳ್ತು." ಅದು ನಿಜ ಅಲ್ಲ ಅಂತ ನಿಮ್ಮ ಪತ್ರದಿಂದಲೇ ತೋರಿಸ್ಬಹುದು. ಆದ್ರೆ 64ನ್ನ ಸುಮ್ನೆ ತಳ್ಳಿಹಾಕೋಕೂ ಆಗಲ್ಲ, ಅದ್ರಲ್ಲಿ ಒಂದು ಮಾಹಿತಿ ಇದೆ.

ಮೊದ್ಲು ಆ ಹೆಸರು. ಅಲೆಕ್ಸಿಥೈಮಿಯಾ ಅನ್ನೋದು ಗ್ರೀಕ್ ಪದಗಳಿಂದ ಕಟ್ಟಿದ್ದು, ಅ ಅಂದ್ರೆ ಇಲ್ಲ, ಲೆಕ್ಸಿಸ್ ಅಂದ್ರೆ ಪದ, ಥೈಮೋಸ್ ಅಂದ್ರೆ ಮನಸ್ಸಿನ ಭಾವ. ಭಾವಕ್ಕೆ ಪದ ಇಲ್ಲದಿರೋದು ಅಂತಷ್ಟೇ, ಭಾವನೇ ಇಲ್ಲ ಅಂತಲ್ಲ. 1970ರ ಸುಮಾರಿಗೆ ಅಮೆರಿಕದ ಬಾಸ್ಟನ್ನಲ್ಲಿ ಪೀಟರ್ ಸಿಫ್ನಿಯೋಸ್ ಮತ್ತು ಜಾನ್ ನೆಮಾಯ ಅನ್ನೋ ಇಬ್ರು ಮನೋವೈದ್ಯರು ಹೊಟ್ಟೆ ಹುಣ್ಣು, ಆಸ್ತಮಾ, ಇಂಥ ತೊಂದ್ರೆ ಇರೋರನ್ನ ಮಾತಾಡಿಸ್ತಿದ್ರು, ಕೆಲವ್ರು ನೋವು ಎಲ್ಲಿ, ಎಷ್ಟೊತ್ತಿಗೆ ಅಂತ ಕರಾರುವಾಕ್ಕಾಗಿ ಹೇಳೋರು, "ಆಗ ಮನಸ್ಸಿಗೆ ಹೇಗಾಯ್ತು" ಅಂದ್ರೆ ಮಾತೇ ನಿಂತೋಗೋದು. ಪ್ಯಾರಿಸ್ಸಿನ ಮನೋವಿಶ್ಲೇಷಕರು 1963ರಲ್ಲೇ ಇಂಥದ್ದೇ ಒಂದು ಲಕ್ಷಣ ಬರೆದಿಟ್ಟಿದ್ರು. 1973ರಲ್ಲಿ ಸಿಫ್ನಿಯೋಸ್ ಈ ಹೆಸರಿನಲ್ಲೇ ಲೇಖನ ಬರೆದ್ರು, ಆಮೇಲೆ ಅದು ನಿಂತ್ಕೊಂಡ್ಬಿಡ್ತು. ಇವತ್ತಿಗೂ ಇದು ಕಾಯಿಲೆಗಳ ಪಟ್ಟಿಯಲ್ಲಿಲ್ಲ, ಅಮೆರಿಕದ ಡಿಎಸ್ಎಂನಲ್ಲೂ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿಯಲ್ಲೂ ಇಲ್ಲ. ಎತ್ತರ, ಜ್ಞಾಪಕಶಕ್ತಿ ಥರ ಇದೊಂದು ಗುಣ, ಒಬ್ರಲ್ಲಿ ಜಾಸ್ತಿ ಇನ್ನೊಬ್ರಲ್ಲಿ ಕಮ್ಮಿ. ಫಿನ್ಲೆಂಡ್‌ನಲ್ಲಿ ಜನಸಾಮಾನ್ಯರನ್ನ ಅಳೆದಾಗ ಗಂಡಸರಲ್ಲಿ ನೂರಕ್ಕೆ 17, ಹೆಂಗಸರಲ್ಲಿ ನೂರಕ್ಕೆ 10 ಜನ ಟೆಸ್ಟಿನ "ಇದೆ" ಅನ್ನೋ ಗೆರೆ ದಾಟಿದ್ರು. ಅಂದ್ರೆ ನಿಮ್ಮ ಹೋಬಳಿಲೂ ಇಂಥೋರು ಬೇಕಾದಷ್ಟು ಜನ ಇರ್ತಾರೆ, ಟೆಸ್ಟ್ ತಗೊಂಡಿರಲ್ಲ ಅಷ್ಟೇ.

ಸೈಕೋಪಾತ್ ವಿಷಯ ಇಲ್ಲೇ ಮುಗಿಸ್ಬಿಡ್ತೀನಿ. ಅಲ್ಲಿರೋದು ಬೇರೆಯವ್ರ ನೋವಿನ ಬಗ್ಗೆ ಲೆಕ್ಕಕ್ಕಿಲ್ಲದಿರೋ ಗುಣ. ನೀವು ಹೆಂಡ್ತಿಗೆ ನೋವಾಗ್ತಿದೆ ಅಂತಲೇ ನನಗೆ ಪತ್ರ ಬರೆದಿರೋದು. ಎರಡೂ ಬೇರೆ ಬೇರೆ, ದಯವಿಟ್ಟು ಆ ಪದಾನ ಮನೇಲಿ ಇನ್ನೊಂದ್ಸಲ ಬಳಸಬೇಡಿ, ಮಗಳ ಮುಂದಂತೂ ಬೇಡ್ವೇ ಬೇಡ. ಆಟಿಸಂ ಬಗ್ಗೆ ಹೇಳಿದವ್ರು ಪೂರ್ತಿ ತಪ್ಪು ಹೇಳಿಲ್ಲ, ಆಟಿಸಂ ಇರೋ ದೊಡ್ಡವ್ರಲ್ಲಿ ಹೆಚ್ಚು ಕಮ್ಮಿ ಅರ್ಧದಷ್ಟು ಜನಕ್ಕೆ ಈ ಟೆಸ್ಟಲ್ಲಿ ಜಾಸ್ತಿ ಅಂಕ ಬರುತ್ತೆ, ಆದ್ರೆ ಅದನ್ನ ತಿರುಗಿಸಿ "ಅಂಕ ಜಾಸ್ತಿ ಬಂತು ಹಾಗಾದ್ರೆ ಆಟಿಸಂ" ಅನ್ನೋಕಾಗಲ್ಲ. ಆಟಿಸಂ ಅಂದ್ರೆ ಚಿಕ್ಕಂದಿನಿಂದ ಜೊತೆಗೇ ಇರೋ ಬೇರೆ ಲಕ್ಷಣಗಳಿರ್ಬೇಕು, ನಿಮ್ಮ ಪತ್ರದಲ್ಲಿ ಅಂಥದ್ದೊಂದೂ ನನಗೆ ಕಾಣ್ಲಿಲ್ಲ.

ಈಗ ಅಳತೆಗೆ ಬರೋಣ, ನಿಮಗೂ ಇದೇ ಬೇಕಾಗಿರೋದು. ನೀವು ತಗೊಂಡಿದ್ದು ಟೊರಾಂಟೊ ಅಲೆಕ್ಸಿಥೈಮಿಯಾ ಸ್ಕೇಲ್, ನಾವು ಟಾಸ್-20 ಅಂತೀವಿ. ಕೆನಡಾದ ಬ್ಯಾಗ್ಬಿ, ಪಾರ್ಕರ್, ಟೇಲರ್ ಅನ್ನೋ ಮೂವರು 1994ರಲ್ಲಿ ಇದರ ಈಗಿನ ರೂಪ ಕೊಟ್ರು, ಪ್ರಪಂಚದಲ್ಲಿ ಈ ವಿಷಯಕ್ಕೆ ಅತಿ ಹೆಚ್ಚು ಬಳಸೋದು ಇದನ್ನೇ. 20 ವಾಕ್ಯ, ಒಂದೊಂದಕ್ಕೂ 1ರಿಂದ 5, ಹಾಗಾಗಿ ಒಟ್ಟು 20ರಿಂದ 100ರ ಒಳಗೆ ಬರುತ್ತೆ. 51 ಅಥ್ವಾ ಅದಕ್ಕಿಂತ ಕಮ್ಮಿ ಇದ್ರೆ ಇಲ್ಲ, 52ರಿಂದ 60 ಇರ್ಬಹುದೇನೋ, 61ರಿಂದ ಮೇಲೆ ಇದೆ ಅಂತ ಲೆಕ್ಕ.

ಒಂದು ಪ್ರಯೋಗ ಮಾಡಿ ನೋಡಿ. ಇಪ್ಪತ್ತಕ್ಕೂ ಮಧ್ಯದ ಉತ್ತರ, "ಹೌದು ಅಂತಾನೂ ಅಲ್ಲ ಇಲ್ಲ ಅಂತಾನೂ ಅಲ್ಲ" ಅನ್ನೋ 3ಕ್ಕೇ ಟಿಕ್ ಹಾಕಿ. ಎಷ್ಟಾಯ್ತು? 60. ಒಂದೇ ಒಂದು ಅಂಕ ಜಾಸ್ತಿ ಆದ್ರೆ ಕೆಂಪಕ್ಷರ. ಅಂದ್ರೆ ಯಾವುದನ್ನೂ ಖಡಾಖಂಡಿತವಾಗಿ ಹೇಳದೆ ಜೋಪಾನವಾಗಿ ಮಧ್ಯದಲ್ಲಿ ನಿಲ್ಲೋ ಸ್ವಭಾವದವ್ರೆಲ್ಲ ಆ ಗೆರೆ ಪಕ್ಕದಲ್ಲೇ ಇರ್ತಾರೆ, ನಮ್ಮ ಕಡೆ ಅಪರಿಚಿತರು ಕೊಟ್ಟ ಕಾಗದದ ಮೇಲೆ ಮನಸ್ಸಿನ ವಿಷಯ ಬರಿ ಅಂದ್ರೆ ಮಧ್ಯಕ್ಕೆ ಟಿಕ್ ಹಾಕೋರೇ ಜಾಸ್ತಿ. ಜೊತೆಗೆ ಯಾವ ಅಳತೆಗೂ ಆಚೆ ಈಚೆ ಅನ್ನೋದಿದ್ದೇ ಇರುತ್ತಲ್ಲ, ಈ ಟೆಸ್ಟಿನ ನಂಬಿಕೆಯ ಮಟ್ಟ ನೋಡಿ ಲೆಕ್ಕ ಹಾಕಿದ್ರೆ ಒಬ್ಬರ ಅಂಕ ಸುಮಾರು 5 ಮೇಲೆ ಕೆಳಗೆ ಆಗೋದು ಮಾಮೂಲಿ. ನಿಮ್ಮ 64 ಅಂದ್ರೆ 59ರಿಂದ 69ರ ಮಧ್ಯೆ ಎಲ್ಲೋ ಅಂತ ಓದ್ಕೊಳ್ಳಿ. ಬಾಂದು ಕಲ್ಲಿನ ಥರ ಅಲ್ಲಿ ಏನೂ ನೆಟ್ಟಿಲ್ಲ.

ಒಟ್ಟು ಅಂಕಕ್ಕಿಂತ ಒಳಗಿನ ಮೂರು ಭಾಗ ನನಗೆ ಜಾಸ್ತಿ ಉಪಯೋಗ, ನೀವು ಅದನ್ನ ಬರೆದಿದ್ದು ಬಹಳ ಒಳ್ಳೇದಾಯ್ತು. ಮೊದಲ್ನೇದು ಭಾವನೆ ಗುರುತು ಹಿಡಿಯೋ ಕಷ್ಟ, 7 ವಾಕ್ಯ. ನಿಮಗೆ 20, ಅಂದ್ರೆ ಒಂದು ವಾಕ್ಯಕ್ಕೆ 3ಕ್ಕಿಂತ ಸ್ವಲ್ಪ ಕಮ್ಮಿನೇ. ಎರಡ್ನೇದು ಅದನ್ನ ಮಾತಲ್ಲಿ ಹೇಳೋ ಕಷ್ಟ, 5 ವಾಕ್ಯ. ನಿಮಗೆ 18, ಒಂದೊಂದಕ್ಕೆ 3.6. ಮೂರ್ನೇದು ಗಮನ ಒಳಗಿಗಿಂತ ಹೊರಗಿನ ವಿಷಯದ ಮೇಲೇ ಇರೋದು, 8 ವಾಕ್ಯ, ನಿಮಗೆ 26. ಈಗ ನೋಡಿ, ಒಳಗೆ ಏನಾಗ್ತಿದೆ ಅಂತ ಗೊತ್ತಾಗೋದ್ರಲ್ಲಿ ನೀವು ಮಧ್ಯದಲ್ಲಿದೀರ, ಸಿಕ್ಕಿಹಾಕ್ಕೊಂಡಿರೋದು ಅದು ಬಾಯಿಗೆ ಬರೋ ಜಾಗದಲ್ಲಿ. "ನನಗೆ ಭಾವನೆನೇ ಇಲ್ಲ" ಅನ್ನೋದಕ್ಕೂ "ಇದೆ, ಹೇಳೋಕ್ ಬರ್ತಿಲ್ಲ" ಅನ್ನೋದಕ್ಕೂ ಎಷ್ಟು ದೂರ! ಕೆಂಪಕ್ಷರ ಈ ವ್ಯತ್ಯಾಸ ತೋರ್ಸಲ್ಲ.

ಆ ಮೂರ್ನೇ ಭಾಗದ ಬಗ್ಗೆ ನನಗೆ ಮೊದ್ಲಿಂದ ತಕರಾರಿದೆ. ಅಲ್ಲಿ ಕೇಳೋದು ಏನು ಅಂದ್ರೆ, ಜನರ ಜೊತೆ ಅವ್ರ ಮನಸ್ಸಿನ ವಿಷಯಕ್ಕಿಂತ ದಿನನಿತ್ಯದ ಕೆಲಸದ ವಿಷಯ ಮಾತಾಡೋದು ಇಷ್ಟನಾ, ಹಗುರವಾದ ಮನರಂಜನೆ ಇಷ್ಟನಾ ಅಂತೆಲ್ಲ. ಹೌದು ಅಂದ್ರೆ ಅಂಕ ಏರುತ್ತೆ. ಮಳೆ ಬಂತಾ, ಅಡಿಕೆಗೆ ಏನ್ ರೇಟು, ಮಗು ಊಟ ಮಾಡ್ತಾ ಅಂತ ಕೇಳೋದೇ ನಮ್ಮಲ್ಲಿ ಪ್ರೀತಿ ತೋರ್ಸೋ ರೀತಿ, ಅಪ್ಪ ಫೋನಲ್ಲಿ "ಊಟ ಆಯ್ತಾ" ಅಂತ ಕೇಳಿ ಇಟ್ಬಿಟ್ರೆ ಅದರೊಳಗೆ ಏನಿತ್ತು ಅಂತ ಮಕ್ಕಳಿಗೆ ಗೊತ್ತಿರುತ್ತೆ. ಒಳಗಿನ ವಿಷಯ ಬಿಡಿಸಿ ಹೇಳೋದೇ ಆರೋಗ್ಯ ಅನ್ನೋ ನಂಬಿಕೆ ಟೆಸ್ಟ್ ಹುಟ್ಟಿದ ಊರಿನದ್ದು. ಬೇರೆ ಬೇರೆ ಭಾಷೆಗೆ ಹೋದಾಗ ಈ ಭಾಗವೇ ಎಲ್ಲಕ್ಕಿಂತ ಸಡಿಲ ಆಗೋದು ಅಂತ ಸಂಶೋಧಕರೇ ಹೇಳಿದಾರೆ, ಚೀನೀ ಮೂಲದವ್ರ ಮೇಲೆ ನಡೆದ ಅಧ್ಯಯನಗಳಲ್ಲೂ ಈ ಅಂಕ ಕೊರತೆಗಿಂತ ಸಂಸ್ಕೃತಿಯ ಮೌಲ್ಯಗಳ ಜೊತೆಗೇ ಜಾಸ್ತಿ ಹೊಂದ್ಕೊಂಡಿತ್ತು. ನಿಮ್ಮ 64ರಲ್ಲಿ 26 ಈ ಭಾಗದ್ದು, ಅದನ್ನ ನಾನು ಅರ್ಧ ಕಣ್ಣಲ್ಲೇ ಓದ್ತೀನಿ.

ಇನ್ನು ಭಾಷೆ. ಹಿಂದಿಗೆ ಈ ಟೆಸ್ಟನ್ನ 1996ರಲ್ಲೇ ಪದ್ಧತಿ ಪ್ರಕಾರ ತಂದ್ರು, ಅಂದ್ರೆ ಅನುವಾದ ಮಾಡಿ, ಅದನ್ನ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಜನರ ಮೇಲೆ ಪರೀಕ್ಷೆ ಮಾಡಿ. ನಿಮ್ಮ ಫೋನು ಅರ್ಧ ಸೆಕೆಂಡಲ್ಲಿ ಮಾಡಿದ್ದು ಆ ಕೆಲಸ ಅಲ್ಲ. "ಭಾವನೆ" ಅನ್ನೋ ಪದಾನೇ ತಗೊಳ್ಳಿ, ನಮ್ಮಲ್ಲಿ ಅದಕ್ಕೆ ಅಭಿಪ್ರಾಯ ಅನ್ನೋ ಅರ್ಥನೂ ಇದೆ, "ಅವನು ಬರಲ್ಲ ಅನ್ನೋ ಭಾವನೆ ನನಗಿತ್ತು" ಅಂತೀವಿ. ನನ್ನ ಹತ್ರ ಬರೋರಿಗೆ "ನಿಮ್ಮ ಭಾವನೆ ಹೇಳಿ" ಅಂದ್ರೆ ಎಷ್ಟೋ ಜನ ಸೊಸೆ ಬಗ್ಗೆ ತಮ್ಮ ತೀರ್ಮಾನ ಹೇಳ್ತಾರೆ, ಹೊಟ್ಟೆಯೊಳಗಿನ ಸಂಕಟ ಹೇಳಲ್ಲ.

ಬೇಜಾರು ಅನ್ನೋ ಪದ ಇನ್ನೂ ದೊಡ್ಡದು. ರಜೇಲಿ ಕೂತು ಕೂತು ಬೇಜಾರು, ಅವಳು ಹಾಗಂದಿದ್ದಕ್ಕೆ ಬೇಜಾರು, ಅಜ್ಜಿ ಹೋಗಿದ್ದಕ್ಕೆ ಬೇಜಾರು, ದಿನಾ ಅದೇ ಸಾರು ತಿಂದು ಬೇಜಾರು, ಬರೋಕಾಗ್ಲಿಲ್ಲ ಬೇಜಾರ್ ಮಾಡ್ಕೋಬೇಡಿ. ಇಂಗ್ಲಿಷಿನವ್ರು ಐದಾರು ಡಬ್ಬದಲ್ಲಿ ಹಾಕಿಡೋದನ್ನ ನಾವು ಒಂದೇ ಡಬ್ಬದಲ್ಲಿ ಇಟ್ಟಿದೀವಿ, ಯಾವುದು ಅಂತ ಕೇಳೋರಿಗೆ ದನಿಯಿಂದ, ಮುಖದಿಂದ, ಸಂದರ್ಭದಿಂದ ಗೊತ್ತಾಗುತ್ತೆ. ಈಗ ಆ ಟೆಸ್ಟಲ್ಲಿ ಒಂದು ವಾಕ್ಯ ಇದೆ, ಸರಿಸುಮಾರು ಹೀಗೆ: ಮನಸ್ಸು ಕೆಟ್ಟಾಗ ಅದು ದುಃಖನೋ ಭಯನೋ ಕೋಪನೋ ಅಂತ ನನಗೆ ಗೊತ್ತಾಗಲ್ಲ. ಬೇಜಾರಾಗಿದೆ ಅಂತ ಚೆನ್ನಾಗಿ ಗೊತ್ತಿರೋ ಮನುಷ್ಯ ಇಲ್ಲಿ "ಹೌದು ಗೊತ್ತಾಗಲ್ಲ" ಅಂತ ಟಿಕ್ ಹಾಕ್ತಾನೆ, ಯಾಕಂದ್ರೆ ಆ ಮೂರು ಡಬ್ಬ ಅವನು ಇಟ್ಕೊಂಡೇ ಇಲ್ಲ.

ಮೈ ಮಾತು ಅದಕ್ಕಿಂತ ಮುಖ್ಯ. ಸುಮಾರು ವರ್ಷದ ಹಿಂದೆ ಒಬ್ರು ಅಡಿಕೆ ಬೆಳೆಗಾರರು ಬಂದಿದ್ರು, ಗುರುತು ಸಿಗದ ಹಾಗೆ ಹೇಳ್ತೀನಿ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರ ತುಂಬಾ ಎಂಡೋಸ್ಕೋಪಿ, ಸ್ಕ್ಯಾನು, ರಕ್ತದ ರಿಪೋರ್ಟು, ಎಲ್ಲದ್ರಲ್ಲೂ ನಾರ್ಮಲ್. ಕವರ್ ಮೇಜಿನ ಮೇಲೆ ಇಟ್ಟು ಅದರ ಮೇಲೆ ಕೈ ಇಟ್ಕೊಂಡೇ ಕೂತಿದ್ರು, ಯಾರಾದ್ರೂ ಕಿತ್ಕೊಂಡು ಹೋಗ್ತಾರೇನೋ ಅನ್ನೋ ಥರ. "ಸಂಜೆ ಆದ್ರೆ ಸಂಕಟ ಆಗುತ್ತೆ ಮೇಡಂ" ಅಂದ್ರು. ನಾನು ಆಗ ಹೊಸಬಳು, ಪುಸ್ತಕದಲ್ಲಿ ಓದಿದ್ದೇ ತಲೇಲಿತ್ತು, "ಹೊಟ್ಟೇಲೋ ಮನಸ್ಸಲ್ಲೋ?" ಅಂತ ಕೇಳ್ದೆ. ಅವ್ರು ನನ್ನ ಮುಖಾನೇ ಸುಮಾರು ಹೊತ್ತು ನೋಡಿ, "ಎರಡೂ ಒಂದೇ ಅಲ್ವಾ ಮೇಡಂ?" ಅಂದ್ರು. ಸಂಜೆ ಏನಾಗುತ್ತೆ ಅಂತ ನಿಧಾನಕ್ಕೆ ಕೇಳ್ತಾ ಹೋದ್ರೆ, ಬೇರೆ ಊರಲ್ಲಿರೋ ಮಗ ಮೊದ್ಲು ದಿನಾ ಅದೇ ಹೊತ್ತಿಗೆ ಫೋನ್ ಮಾಡ್ತಿದ್ದ, ಈಗ ಮಾಡ್ತಿಲ್ಲ. ಆ ಮನುಷ್ಯನಿಗೆ ಟಾಸ್ ಕೊಟ್ಟಿದ್ರೆ ಡಾಕ್ಟರಿಗೂ ಅರ್ಥವಾಗದ ಮೈ ತೊಂದ್ರೆ ಅನ್ನೋ ವಾಕ್ಯಕ್ಕೆ 5 ಹಾಕ್ತಿದ್ರು. ಅವ್ರು ಹೇಳಿದ ಮಾತಲ್ಲಿ ಕೊರತೆ ಏನಿತ್ತು? ಸಂಕಟ ಅನ್ನೋ ಪದದಲ್ಲೇ ಹೊಟ್ಟೆ ಮನಸ್ಸು ಎರಡೂ ಇದೆ. ಹೊಟ್ಟೆ ಉರೀತು, ಕರುಳು ಚುರುಕ್ ಅಂತು, ಎದೆ ಝಲ್ ಅಂತು, ಎದೆ ಭಾರ ಆಯ್ತು, ಇವೆಲ್ಲ ನಮ್ಮ ಭಾಷೆಯ ಭಾವದ ಪದಗಳೇ. ನೀವು ಪತ್ರದಲ್ಲಿ "ಎದೆ ಭಾರ" ಅಂತ ಬರೆದು ಮುಂದಿನ ಮಾತಿಗೇ ಇಸಿಜಿಗೆ ಹೋಗಿದೀರ. ಇಸಿಜಿ ಮಾಡ್ಸಿದ್ದು ಖಂಡಿತ ಸರಿ, ನಿಮ್ಮ ವಯಸ್ಸಲ್ಲಿ ಎದೆ ವಿಷಯಕ್ಕೆ ಹೃದಯಾನ ಮೊದ್ಲು ನೋಡ್ಲೇಬೇಕು, ಮುಂದೆನೂ ಹೊಸದಾಗಿ ನೋವು, ಬೆವರು, ಉಸಿರು ಕಟ್ಟೋದು ಅಂತಾದ್ರೆ ಇದನ್ನ ಮನಸ್ಸಿನದ್ದು ಅಂತ ಬಿಡಬೇಡಿ, "ಏನಿಲ್ಲ" ಅನ್ನೋ ಅಭ್ಯಾಸ ಇರೋರು ಇಲ್ಲೇ ಎಡವೋದು. ಆದ್ರೆ ರಿಪೋರ್ಟ್ ನಾರ್ಮಲ್ ಬಂದ್ಮೇಲೂ ಆ ಭಾರ ಇದೆಯಲ್ಲ, ಅದನ್ನ ಮಾತು ಅಂತ ಕೇಳ್ಬೇಕು.

ಇನ್ನೊಂದು ಮೂಲಭೂತ ತೊಡಕಿದೆ, ಇದು ನಿಮಗೆ ಬೇಗ ಅರ್ಥ ಆಗುತ್ತೆ. ನಮ್ಮ ತಾತ ಶಾನುಭೋಗರಾಗಿದ್ರು, ಅಟ್ಟದ ಮೇಲೆ 33 ಅಡಿಯ ಹಳೇ ಸರಪಳಿ ಇತ್ತು, ಬಳಸಿ ಬಳಸಿ ಕೊಂಡಿ ಸವೆದು ಸರಪಳಿ ಉದ್ದ ಆಗ್ಬಿಟ್ಟಿದ್ರೆ ಗುಂಟೆ ಲೆಕ್ಕ ಕಮ್ಮಿ ಬರುತ್ತೆ ಅಂತ ಅವ್ರು ಹೇಳ್ತಿದ್ರು. ಆ ಸರಪಳಿ ಸರಿ ಇದೆಯಾ ಅಂತ ಅದೇ ಸರಪಳಿಯಿಂದ ಅಳೆದು ನೋಡೋಕಾಗುತ್ತಾ? ಟಾಸ್ ಮಾಡೋದು ಅದನ್ನೇ. ತನ್ನ ಒಳಗನ್ನ ಗುರುತಿಸೋಕೆ ಕಷ್ಟ ಪಡೋ ಮನುಷ್ಯನನ್ನೇ "ನಿನ್ನ ಒಳಗನ್ನ ನೀನು ಎಷ್ಟು ಚೆನ್ನಾಗಿ ಗುರುತಿಸ್ತೀಯ" ಅಂತ ಕೇಳುತ್ತೆ. ನಿಜವಾಗ್ಲೂ ಏನೂ ಗೊತ್ತಾಗದವ್ರು ಕೆಲವ್ರು "ನನಗೇನ್ ಕಷ್ಟ, ಆರಾಮಾಗಿದೀನಿ" ಅಂತ 40 ತಗೊಂಡು ಹೋಗ್ತಾರೆ, ತಮ್ಮ ಬಗ್ಗೆ ಬಹಳ ಯೋಚ್ನೆ ಮಾಡೋರು, ಚಿಕ್ಕದಕ್ಕೂ ತಮ್ಮನ್ನೇ ಬೈಕೊಳ್ಳೋರು 70 ತಗೋತಾರೆ. ನನ್ನ ಟೇಬಲ್ ಮೇಲೆ ಎರಡೂ ಥರದ ಕಾಗದ ನೋಡಿದೀನಿ.

ಅದಕ್ಕಿಂತ ದೊಡ್ಡ ಎಚ್ಚರಿಕೆ ಖಿನ್ನತೆಯದ್ದು. ಖಿನ್ನತೆ, ಆತಂಕ ಇದ್ದಾಗ ಈ ಅಂಕ ತಾನಾಗೇ ಮೇಲೆ ಹೋಗುತ್ತೆ, ಅದರಲ್ಲೂ ಗುರುತಿಸೋ ಕಷ್ಟದ ಭಾಗ. ಫಿನ್ಲೆಂಡಿನದ್ದೇ ಇನ್ನೊಂದು ಅಧ್ಯಯನದಲ್ಲಿ ಖಿನ್ನತೆಯ ಲಕ್ಷಣ ಇದ್ದವ್ರಲ್ಲಿ ಹತ್ರ ಹತ್ರ ಮೂರರಲ್ಲಿ ಒಬ್ರು 61ರ ಗೆರೆ ದಾಟಿದ್ರು, ಇಲ್ಲದವ್ರಲ್ಲಿ ನೂರಕ್ಕೆ 4-5 ಜನ ಅಷ್ಟೇ. ಖಿನ್ನತೆ ಇಳಿದ್ಮೇಲೆ ಎಷ್ಟೋ ಜನರ ಅಂಕನೂ ಇಳಿಯುತ್ತೆ. ಅಪ್ಪ ಹೋಗಿ ವರ್ಷ ಕೂಡ ಸರಿಯಾಗಿ ಕಳೆದಿಲ್ಲ, ಜಮೀನು ಪಾಲಾಗಿದೆ, ಮನೇಲಿ ಜಗಳ ಇದೆ, ಇಷ್ಟರ ನಡುವೆ ಒಂದು ರಾತ್ರಿ ಮೊಬೈಲಲ್ಲಿ ಅಳೆದ 64 ನಿಮ್ಮ ಸ್ವಭಾವದ್ದೋ ಈ ವರ್ಷದ್ದೋ ಅಂತ ಟೆಸ್ಟಿಗೆ ಗೊತ್ತಾಗಲ್ಲ. ಗೊತ್ತಾಗ್ಬೇಕಂದ್ರೆ ನಿಮ್ಮ ಹೆಂಡ್ತಿನೋ ಅಕ್ಕನೋ ಹೇಳ್ಬೇಕು, ಮದುವೆ ಹೊಸದ್ರಲ್ಲೂ ಹೀಗೇ ಇದ್ರಾ, ಮಗಳು ಹುಟ್ಟಿದಾಗ ಹೇಗಿದ್ರು, ಅಥ್ವಾ ಇದು ಈಚೆಗೆ ಬಂದಿದ್ದಾ ಅಂತ.

ಯಾಕೆ ಹೀಗಾಗುತ್ತೆ ಅಂದ್ರೆ ಒಂದೇ ಕಾರಣ ಇಲ್ಲ. ಡೆನ್ಮಾರ್ಕಿನಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಅವಳಿ ಜೋಡಿಗಳನ್ನ ಅಳೆದು 2007ರಲ್ಲಿ ಹೇಳಿದ್ದು, ಜನರ ನಡುವಿನ ವ್ಯತ್ಯಾಸದಲ್ಲಿ ಮೂರನೇ ಒಂದು ಪಾಲು ಮಾತ್ರ ಅನುವಂಶೀಯ, ಉಳಿದಿದ್ದು ಬೆಳೆದ ರೀತಿ, ಬದುಕಲ್ಲಿ ಅವರವರಿಗೆ ಆದ ಅನುಭವ. ಹಾಗಾಗಿ ಮಗಳಿಗೆ ಬಂದೇ ಬರುತ್ತೆ ಅನ್ನೋದು ಸುಳ್ಳು. ಅವಳು ತಾನೇ ಟೆಸ್ಟ್ ಹುಡುಕಿ ಅಪ್ಪನ ಕೈಗೆ ಕೊಟ್ಟಿದಾಳೆ, ಅವಳಿಗೆ ಈ ಮಾತುಕತೆ ಬೇಕಾಗಿದೆ ಅಂತ ನನಗನ್ಸುತ್ತೆ. ಬೆಳೆದ ರೀತಿ ಅಂದ್ರೆ ದೊಡ್ಡದೇನೂ ಬೇಕಿಲ್ಲ. ಮಗುಗೆ ತನ್ನೊಳಗೆ ಆಗ್ತಿರೋದಕ್ಕೆ ಹೆಸರು ಸಿಗೋದು ದೊಡ್ಡವ್ರ ಬಾಯಿಂದ, "ಅಯ್ಯೋ ಹೆದರ್ಕೊಂಡ್ಯಾ" ಅಂತ ಅಮ್ಮ ಅಂದಾಗ್ಲೇ ಆ ಎದೆ ಹೊಡ್ಕೊಳ್ಳೋದಕ್ಕೆ ಭಯ ಅಂತಾರೆ ಅಂತ ಗೊತ್ತಾಗೋದು. "ಗಂಡ್ಸಾಗಿ ಅಳ್ತೀಯಾ" ಅಂತ ಹತ್ತು ಸಲ ಕೇಳಿಸ್ಕೊಂಡ ಹುಡುಗ ಅಳು ನಿಲ್ಲಿಸೋದನ್ನಷ್ಟೇ ಕಲಿಯಲ್ಲ, ಅಳು ಬರೋ ಮೊದ್ಲು ಗಂಟಲಲ್ಲಿ ಆಗುತ್ತಲ್ಲ, ಅದನ್ನ ಗಮನಿಸೋದನ್ನೇ ಬಿಡ್ತಾನೆ. ಅದರ ಮೇಲೆ ಸಾವಿನ ಮನೇಲಿ ಹಿರಿಮಗನ ಕೈಗೆ ಲೆಕ್ಕದ ಪುಸ್ತಕ ಕೊಟ್ಬಿಡ್ತೀವಿ, ಎಲ್ರೂ ಅಳೋವಾಗ ಯಾರಾದ್ರೂ ಒಬ್ರು ಶಾಮಿಯಾನದವನಿಗೆ ದುಡ್ಡು ಕೊಡ್ಬೇಕು. ಆ ಒಬ್ರು ನೀವಾಗಿದ್ರಿ ಸರ್. ಅದು ಕಲ್ಲು ಮನಸ್ಸಿನ ಕೆಲಸ ಅಂತ ನಾನು ಒಪ್ಪಲ್ಲ.

ಹಾಗಾದ್ರೆ ಏನ್ ಮಾಡ್ಬಹುದು? ಏನೂ ಮಾಡದೇ ಇರೋದೂ ಒಂದು ದಾರಿ, ಎಷ್ಟೋ ಜನ ಹೀಗೇ ಚೆನ್ನಾಗಿ ಬದುಕ್ತಾರೆ. ಆದ್ರೆ ನಿಮ್ಮ ವಿಷಯದಲ್ಲಿ ನಾನು ಅದನ್ನ ಹೇಳಲ್ಲ, ಯಾಕಂದ್ರೆ ಎದೆ ಭಾರ ಇದೆ, ಮನೇಲಿ ದೂರ ಆಗ್ತಿದೆ, ದುಃಖ ಒಳಗೇ ಇದ್ದು ಖಿನ್ನತೆಗೆ ತಿರುಗಿದ್ರೆ ಅದು "ಬೇಜಾರು" ಅಂತ ಬರದೆ ನಿದ್ದೆಗೆಡೋದು, ಸಿಡುಕು, ಸಂಜೆ ಒಂದು ಪೆಗ್ ಎರಡಾಗೋದು ಈ ರೂಪದಲ್ಲಿ ಬರ್ಬಹುದು.

ಎರಡ್ನೇದು ಸರಿಯಾಗಿ ಅಳೆಸೋದು. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಹೋಗಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ಶುರು ಮಾಡ್ಬಹುದು. ಮೊದ್ಲು ಖಿನ್ನತೆ ನೋಡ್ಬೇಕು, ಪಿಎಚ್‌ಕ್ಯೂ-9 ಅಂತ 9 ಪ್ರಶ್ನೆಯದ್ದು ಕನ್ನಡದಲ್ಲೇ ಸಿಗುತ್ತೆ, 27ಕ್ಕೆ 10 ಅಥ್ವಾ ಜಾಸ್ತಿ ಬಂದ್ರೆ ಮುಂದೆ ನೋಡ್ತೀವಿ. ಆಮೇಲೆ ಕಾಗದಕ್ಕಿಂತ ಮಾತು. ಟೊರಾಂಟೊದವ್ರೇ 2006ರಲ್ಲಿ 24 ಪ್ರಶ್ನೆಯ ಒಂದು ಸಂದರ್ಶನ ಮಾಡಿದ್ರು, ಅಲ್ಲಿ ಹೌದು ಅಂದ್ರೆ ಸಾಲ್ದು, "ಈಚೆಗೆ ಯಾವಾಗ ಹಾಗಾಯ್ತು, ಒಂದು ಉದಾಹರಣೆ ಹೇಳಿ" ಅಂತ ಕೇಳ್ತಾರೆ, ಅಂಕ ಹಾಕೋದು ಕೇಳಿದವ್ರು. ಇನ್ನೊಂದು 1990ರದ್ದು, 20 ಸನ್ನಿವೇಶ ಕೊಟ್ಟು ಅಲ್ಲಿ ನಿಮಗೆ ಹೇಗಾಗ್ತಿತ್ತು, ಎದುರಿನವ್ರಿಗೆ ಹೇಗಾಗ್ತಿತ್ತು ಅಂತ ಬರೆಸ್ತಾರೆ, ಕೌಶಲ ಮಾಡಿ ತೋರ್ಸಿದ ಹಾಗೆ, ತನ್ನ ಬಗ್ಗೆ ತಾನೇ ಹೇಳ್ಕೊಂಡ ಹಾಗಲ್ಲ. ಅದರಲ್ಲೂ ಒಂದು ಕಣ್ಣಿಟ್ಟಿರ್ಬೇಕು, ಮೈಯ ಮಾತಿಗೆ ಅಲ್ಲಿ ಕೆಳಗಿನ ಮೆಟ್ಟಿಲ ಅಂಕ, "ಹೊಟ್ಟೆ ಉರೀತು" ಅಂತ ಬರೆದ್ರೆ ಅದು ಅಸೂಯೆ ಅಂತ ಕನ್ನಡ ಗೊತ್ತಿಲ್ಲದವ್ರು ಓದಲ್ಲ. ಹಾಗಾಗಿ ನಿಮ್ಮ ಭಾಷೆ ಬಲ್ಲವ್ರೇ ನೋಡ್ಲಿ. ಆಸ್ಟ್ರೇಲಿಯಾದ ಪರ್ತ್‌ನಿಂದ 2018ರಲ್ಲಿ ಬಂದ 24 ಪ್ರಶ್ನೆಯ ಅಳತೆನೂ ಇದೆ, ಸಂತೋಷದ ಕಡೆಯದ್ದು ನೋವಿನ ಕಡೆಯದ್ದು ಬೇರೆ ಬೇರೆ ಮಾಡುತ್ತೆ, ನಿಮ್ಮಂಥೋರಿಗೆ ಅದು ಉಪಯೋಗ, ಯಾಕಂದ್ರೆ ಬೆಳೆ ಚೆನ್ನಾಗಿ ಬಂದಾಗಿನ ಖುಷಿ ಹೇಳೋಕೆ ಬಂದು ದುಃಖ ಮಾತ್ರ ಬರ್ದೇ ಇರ್ಬಹುದು. ನಿಮ್ಮನ್ನ ಬಲ್ಲವ್ರು ತುಂಬೋ 33 ವಾಕ್ಯದ ಅಳತೆನೂ ಇದೆ, ಅದನ್ನ ಹೆಂಡ್ತಿ ಕೈಗೆ ಮನೇಲಿ ಕೊಡಬೇಡಿ, ಜಗಳದ ಮಧ್ಯೆ ಅದು ಸಾಕ್ಷಿ ಕಾಗದ ಆಗ್ಬಿಡುತ್ತೆ, ನಮ್ಮಂಥೋರ ಎದುರಿಗೇ ಆಗ್ಲಿ. ಅಳೆಸೋದರ ಅಪಾಯ ಅಂದ್ರೆ ಅದೊಂದೇ, ಹಣೆಪಟ್ಟಿ. ಅಂಕ ಹೇಳಿ ಕಳಿಸೋ ಕಡೆ ಹೋಗಬೇಡಿ, ಅಂಕದ ಅರ್ಥ ಕೂತು ಹೇಳೋ ಕಡೆ ಹೋಗಿ.

ಮಾತ್ರೆ ಕೇಳ್ಬಹುದು ನೀವು. ಅಲೆಕ್ಸಿಥೈಮಿಯಾಗೆ ಅಂತ ಮಾತ್ರೆ ಇಲ್ಲ. ಖಿನ್ನತೆ ಇದ್ರೆ ಅದಕ್ಕಿದೆ, ಕೆಲಸನೂ ಮಾಡುತ್ತೆ, ಆದ್ರೆ ಕೆಲವ್ರಿಗೆ ಖಿನ್ನತೆಯ ಕೆಲವು ಮಾತ್ರೆಗಳಿಂದ ಮನಸ್ಸು ಮಂಕಾದ ಹಾಗೆ, ಅಳುನೂ ಬರಲ್ಲ ನಗುನೂ ಬರಲ್ಲ ಅನ್ನೋ ಹಾಗೆ ಆಗೋದುಂಟು. ಹಾಗಾದ್ರೆ ತಾವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಆಪ್ತಸಮಾಲೋಚನೆ, ಥೆರಪಿ ಅಂತ ಹೋದ್ರೆ ನಿಧಾನ ಆಗುತ್ತೆ, ತಿಂಗಳುಗಟ್ಟಲೆ. ಅಲ್ಲಿನ ಅಪಾಯ ಅವಸರ. ಒಂದೇ ದಿನ ಎಲ್ಲಾ ತೆಗೆಸ್ಬೇಕು ಅಂತ ಹೊರಟ್ರೆ ವರ್ಷದಿಂದ ಕಟ್ಟಿಟ್ಟಿದ್ದು ಒಟ್ಟಿಗೆ ಬಂದು ಮನುಷ್ಯ ಹೆದರಿ ಮತ್ತೆ ಆ ಕಡೆ ತಲೆ ಹಾಕಲ್ಲ, ನಾನೇ ಶುರುವಿನ ವರ್ಷಗಳಲ್ಲಿ ಒಬ್ರ ಜೊತೆ ಹಾಗೆ ಮಾಡಿ ಅವ್ರನ್ನ ಕಳ್ಕೊಂಡೆ, ಅದು ಇವತ್ತಿಗೂ ನನಗೆ ನೋವು. ಮಧ್ಯದಲ್ಲಿ ಎಲ್ಲಾದ್ರೂ ಬದುಕೇ ಬೇಡ ಅನ್ನಿಸಿದ್ರೆ ತಡ ಮಾಡಬೇಡಿ, ಟೆಲಿ ಮಾನಸ್ 14416, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡ್ತಾರೆ.

ಮನೇಲಿ ಮಾಡೋದು ಒಂದೇ ಹೇಳ್ತೀನಿ. ನೀವು ಫೀಲ್ಡಿಗೆ ಹೋದಾಗ ಬರ್ಕೊಳ್ಳೋ ಪುಸ್ತಕ ಇರುತ್ತಲ್ಲ, ಅಂಥದ್ದೇ ಚಿಕ್ಕದೊಂದು ಇಟ್ಕೊಳ್ಳಿ. ದಿನಕ್ಕೆ ಎರಡು ಸಲ, ಮೈಯಲ್ಲಿ ಎಲ್ಲಿ ಏನು, ಎಷ್ಟೊತ್ತಿಗೆ, ಅದಕ್ಕೆ ಸ್ವಲ್ಪ ಮುಂಚೆ ಏನ್ ನಡೀತಿತ್ತು, ಎದುರಿಗೆ ಯಾರಿದ್ರು, ಇಷ್ಟೇ. ದುಃಖ, ಕೋಪ ಅಂತ ಹೆಸರು ಬರೀಲೇಬೇಕು ಅಂತಿಲ್ಲ, ಬಂದ್ರೆ ಬರೀರಿ, ಸಂಕಟ, ತಳಮಳ, ಕಸಿವಿಸಿ, ಹೊಟ್ಟೆ ಕಿವುಚಿದ ಹಾಗೆ, ಯಾವುದಾದ್ರೂ ಸರಿ. ಮೂರ್ನಾಲ್ಕು ವಾರ ಆದ್ಮೇಲೆ ಪುಟ ತಿರುಗಿಸಿದ್ರೆ ಯಾವ ಭಾರ ಯಾವ ಜಾಗದಲ್ಲಿ ಬರುತ್ತೆ ಅಂತ ನಿಮ್ಮ ಕಣ್ಣಿಗೇ ಕಾಣುತ್ತೆ. ದಿನಕ್ಕೆ ಇಪ್ಪತ್ತು ಸಲ ನಾಡಿ ಹಿಡ್ಕೊಂಡು ಕೂರೋ ಥರ ಆದ್ರೆ ಮಾತ್ರ ನಿಲ್ಲಿಸಿ, ಅದು ಆತಂಕ ಜಾಸ್ತಿ ಮಾಡುತ್ತೆ. ನಿಮ್ಮ ಮನೆಯವ್ರಿಗೆ ನನ್ನದೊಂದು ಕೋರಿಕೆ ತಲುಪಿಸಿ: "ಏನನ್ಸ್ತಿದೆ" ಅಂತ ಕೇಳೋ ಬದ್ಲು "ಎಲ್ಲಿ ಭಾರ ಆಗ್ತಿದೆ" ಅಂತ ಕೇಳಿ ನೋಡಿ ಅಮ್ಮಾ, ಕೇಳಿ ಸ್ವಲ್ಪ ಸುಮ್ನಿರಿ. ಅವ್ರಿಗೆ ಮೊದಲ್ನೇ ಪ್ರಶ್ನೆಗೆ ದಾರಿ ಇಲ್ಲ, ಎರಡ್ನೇದಕ್ಕೆ ಇದೆ.

ಮತ್ತೆ ಟೆಸ್ಟ್ ತಗೊಳ್ಳಾ ಅಂತ ಕೇಳಿದ್ರಿ. ಮೊಬೈಲಲ್ಲಿ ಬೇಡ. ಮೂರು ವಾರ ಬಿಟ್ಟು ತಗೊಂಡ್ರೂ ಹೆಚ್ಚು ಕಮ್ಮಿ ಅದೇ ಬರುತ್ತೆ, ಹೊಸದೇನೂ ಹೇಳಲ್ಲ. ಖಿನ್ನತೆ ಇದ್ದು ಅದಕ್ಕೆ ಚಿಕಿತ್ಸೆ ಆದ್ರೆ, ಆರು ತಿಂಗಳಾದ್ಮೇಲೆ ಅದೇ ಸೈಕಾಲಜಿಸ್ಟ್ ಎದುರಿಗೆ ತಗೊಳ್ಳಿ, ಆಗ ಎರಡು ಅಂಕದ ನಡುವಿನ ವ್ಯತ್ಯಾಸಕ್ಕೆ ಅರ್ಥ ಇರುತ್ತೆ.

ಈಗ ಆ ಬೇವಿನ ಮರ. ಅಪ್ಪನ ಜಮೀನು, ಅಪ್ಪ ಇಲ್ಲ, ಬಾವಿ ಪಕ್ಕ, ಇಷ್ಟು ವರ್ಷ ಎಲ್ರ ಹೊಲ ಅಳೆದ ಕೈ ಅಲ್ಲಿ ಬಂದು ನಡುಗ್ತು. ಆ ಮರದ ಕೆಳಗೆ ಅಪ್ಪ ಏನ್ ಮಾಡ್ತಿದ್ರು ಅಂತ ನೀವು ಬರೆದಿಲ್ಲ, ನಾನೂ ಊಹಿಸೋಕೆ ಹೋಗಲ್ಲ. ಸೈಕಾಲಜಿಸ್ಟ್ ಹತ್ರ ಹೋದಾಗ ರಿಪೋರ್ಟಿನ ಕವರು, 64 ಇವೆಲ್ಲ ಪಕ್ಕಕ್ಕಿಟ್ಟು ಮೊದ್ಲು ಟೇಪ್ ಬಿದ್ದ ವಿಷಯ ಹೇಳಿ, ಮರದಿಂದ ಬಾವಿಗೆ ಎಷ್ಟು ದೂರ ಅನ್ನೋದ್ರಿಂದ ಬೇಕಾದ್ರೂ ಶುರು ಮಾಡಿ.